ಕಲಾವತಿಯ ಫೈಲಿನಲ್ಲಿ ಹೀರಾ

ಹಡಗಿನ ದೇವಾನಂದ ಎಂದರೆ ಸಾಕು, ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ ಯಾರನ್ನು ಕೇಳಿದರೂ ಮನೆ ತೋರಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ಕೂತ ಮನುಷ್ಯ. ಅಡುಗೆ ಬಿಟ್ಟರೂ ಒಗ್ಗರಣೆ ಹಾಕುವುದನ್ನು ಬಿಡಲಿಲ್ಲ ಎಂದು ಜನ ನಗುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಚಾ ಅಂಗಡಿಯ ಬೆಂಚು ಹಿಡಿದನೆಂದರೆ ಮುಗಿಯಿತು. ಪೇಪರಿನಲ್ಲಿ ಏನೇ ಸುದ್ದಿ ಬರಲಿ, ಅದಕ್ಕೊಂದು ಬಂದರಿನ ಕಥೆ ಅವನಲ್ಲಿ ತಯಾರಿರುತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲ ಮುಗಿಯುತ್ತಿದ್ದಾಗ ಪೇಪರಿನಲ್ಲಿ ಯಾರೋ ಬರೆದರು: ಸರ್ಕಾರಿ ಆಸ್ಪತ್ರೆಗಳನ್ನು ಖಾಸಗಿಯವರ ಕೈಗೆ ಕೊಟ್ಟರೆ ಉದ್ಧಾರವಾದಾವು ಎಂದು. ದೇವಾನಂದನಿಗೆ ಹಬ್ಬವೇ ಹಬ್ಬ. ಎದುರಾಳಿಯೂ ಇದ್ದ, ಬ್ಯಾಂಕಿನಿಂದ ನಿವೃತ್ತನಾದ ತುಳಸಿದಾಸ.

“ಲಿವರ್‌ಪೂಲಿನಲ್ಲಿ ನನ್ನ ಅಪೆಂಡಿಕ್ಸ್ ತೆಗೆದ್ರು ಮಾರಾಯ. ಒಂದು ಪೈಸೆ ಕೇಳಲಿಲ್ಲ,” ಎಂದ ದೇವಾನಂದ. “ಅದೇ ಅಮೆರಿಕದಲ್ಲಿ ನಮ್ಮ ಫಿಟ್ಟರನ ಕೈ ಸುಟ್ಟಾಗ, ಗಾಯ ನೋಡೂಕೆ ಮೊದ್ಲು ದುಡ್ಡು ಯಾರು ಕೊಡ್ತ್ರಿ ಅಂತ ಕೇಳಿದ್ರು. ಅಂಥಾದ್ದು ಬೇಕಾ ನಮ್ಗೆ?”

“ಅದು ಇಂಗ್ಲೆಂಡು. ಇಲ್ಲಿ ಪುಕ್ಕಟೆ ಅಂದ್ರೆ ಕೇಳವ್ರಿಲ್ಲ ಅಂತ ಅರ್ಥ,” ಎಂದ ತುಳಸಿದಾಸ. “ದುಡ್ಡು ಕೊಟ್ರೆ, ಯಾಕೆ ಮಾಡ್ಲಿಲ್ಲ ಅಂತ ಕೇಳೂಕಾದ್ರೂ ಬಾಯಿ ಬರ್ತದೆ.”

“ಹಾಗಾರೆ ದುಡ್ಡಿಲ್ದವ್ನಿಗೆ ಬಾಯೇ ಇಲ್ಲ ಅಂತಾಯ್ತಲಾ!”

ಬೆಂಚಿನವರೆಲ್ಲ ಹೋ ಎಂದರು. ಆದರೆ ದೇವಾನಂದ ಅಷ್ಟಕ್ಕೇ ನಿಲ್ಲಿಸುವವನಲ್ಲ. ಎಲ್ಲ ಬಲ್ಲವನಂತೆ ಬೆರಳೆತ್ತಿ ಇನ್ನೊಂದು ಮಾತು ಸೇರಿಸಿದ. “ಒಂದು ತಿಳ್ಕೊಳ್ಳಿ. ಸರ್ಕಾರಿ ಆಸ್ಪತ್ರೆ ಆಯಾ ಸರ್ಕಾರದ ಜನಕ್ಕೆ ಮಾತ್ರ. ಕೊಲ್ಲಿಯ ಬಂದರಿನಲ್ಲಿ ನಾನೇ ಕಂಡಿದ್ದೆ, ಅವ್ರ ಜನಕ್ಕೊಂದು ಕಿಟಕಿ, ಹೊರಗಿನವ್ರಿಗೆ ಇನ್ನೊಂದು. ಕಾಗ್ದ ಇಲ್ದವ್ನನ್ನ ಎಲ್ಲೂ ಒಳಗೆ ಬಿಡೂದಿಲ್ಲ.” ಈ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ. ಅಷ್ಟು ದೇಶ ಕಂಡವರು ಆ ಬೆಂಚಿನಲ್ಲಿ ಬೇರೆ ಯಾರಿದ್ದರು?

ಅದಾಗಿ ವಾರವೂ ಕಳೆದಿರಲಿಲ್ಲ. ಹೆಂಡತಿ ಹೀರಾಳಿಗೆ ಹೊಟ್ಟೆನೋವು ಶುರುವಾಯಿತು. ವಾಯು ಎಂದುಕೊಂಡು ಅವಳು ಎರಡು ದಿನ ಓಮಿನ ನೀರು ಕುಡಿದಳು. ಮೂರನೇ ಬೆಳಿಗ್ಗೆ ನೋಡಿದರೆ ಕಣ್ಣು ಹಳದಿ, ಮೈ ಕೆಂಡ, ಚಳಿಗೆ ಹಲ್ಲು ಕಟಕಟ. ಊರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಮುಖ ಸಣ್ಣದು ಮಾಡಿದರು. “ಪಿತ್ತಕೋಶದಲ್ಲಿ ಕೀವಾದ ಹಾಗಿದೆ. ಇಲ್ಲಿ ಇಟ್ಟುಕೊಂಡು ಕೂರುವ ಕೇಸಲ್ಲ. ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ.”

ತುಳಸಿದಾಸ ಸುದ್ದಿ ಕೇಳಿ ಓಡಿಬಂದ. “ದಕ್ಷಿಣಕ್ಕೆ ಹೋಗ್ವಾ, ಒಳ್ಳೇ ಖಾಸಗಿ ಆಸ್ಪತ್ರೆ ಅದೆ. ದುಡ್ಡಿನ ಮಾತು ಆಮೇಲೆ ನೋಡ್ವಾ,” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಬೆಂಚಿನ ಮೇಲೆ ಅಷ್ಟು ದಿನ ಕೂಗಾಡಿದವನು ಅವನ ದುಡ್ಡಿನಲ್ಲಿ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ? ದೇವಾನಂದ ಬಾಡಿಗೆಯ ಓಮ್ನಿ ಕರೆಸಿ, ಗೋವೆಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಎಂದುಬಿಟ್ಟ. ಇಂಥ ಕೇಸು ನೋಡುವ ಸರ್ಕಾರಿ ಆಸ್ಪತ್ರೆ ಹತ್ತಿರದಲ್ಲಿ ಅದೊಂದೇ.

ಹೊರಟನೇನೋ ಹೌದು, ಕಾರವಾರ ದಾಟಿ ಕಾಳಿ ಸೇತುವೆ ಹತ್ತುವಾಗ ಬೆಂಚಿನ ಮೇಲೆ ತಾನಾಡಿದ ಮಾತೇ ನೆನಪಾಯಿತು. ಸೇತುವೆ ಕಳೆದು ಸ್ವಲ್ಪ ದೂರಕ್ಕೆ ರಾಜ್ಯವೇ ಬೇರೆ, ಸರ್ಕಾರವೇ ಬೇರೆ. ಊರೆಲ್ಲಿ ಎಂದು ಕೇಳಿದರೆ? ಕಾರ್ಡು ತೋರಿಸು ಎಂದರೆ? ಗೇಟಿನಿಂದಲೇ ವಾಪಸು ಕಳಿಸಿದರೆ ಈ ಜೀವವನ್ನು ಹೊತ್ತು ಎಲ್ಲಿಗೆ ಹೋಗುವುದು?

“ನಮ್ಮ ಕಡೆಯವ್ರು ಸುಮಾರು ಜನ ಹೋಗ್ತ್ರಲಾ,” ಎಂದ ಓಮ್ನಿ ಓಡಿಸುತ್ತಿದ್ದ ಸತೀಶ. “ಕಾಗ್ದ ಎಂಥದೂ ಕೇಳೂದಿಲ್ಲ ಕಾಣ್ತದೆ.”

“ನೀನು ಎಷ್ಟು ದೇಶ ಕಂಡಿದ್ದೆ? ಸುಮ್ನೆ ಗಾಡಿ ಓಡ್ಸು.”

ಕೇಳಿ ತಿಳಿಯುವ ಚಾಳಿ ದೇವಾನಂದನಿಗೆ ಎಂದೂ ಇರಲಿಲ್ಲ, ಹೇಳಿ ಗೊತ್ತಷ್ಟೆ.

ಉಪಾಯವನ್ನು ಅವನು ಅಷ್ಟರಲ್ಲೇ ಹೂಡಿದ್ದ. ಹೀರಾಳ ಅಕ್ಕ ಕಲಾವತಿಯನ್ನು ಗೋವೆಯ ಕಾಣಕೋಣಕ್ಕೆ ಕೊಟ್ಟಿತ್ತು. ಮೂರು ವರ್ಷದ ಹಿಂದೆ ಕಾಲಿನ ಹುಣ್ಣಿಗೆಂದು ಅವಳು ಅದೇ ದೊಡ್ಡ ಆಸ್ಪತ್ರೆಯಲ್ಲಿ ಮಲಗಿದ್ದಳು. ಫೈಲು ಅವಳ ಮನೆಯಲ್ಲೇ ಇತ್ತು. ದಾರಿಯಲ್ಲಿ ಅವಳ ಅಂಗಳದಲ್ಲಿ ಗಾಡಿ ನಿಂತಿತು. ಕಲಾವತಿ ತಂಗಿಯ ಮುಖ ನೋಡಿ ಅಳುತ್ತ, ಯಾಕೆಂದೂ ಕೇಳದೆ ಫೈಲು ತಂದುಕೊಟ್ಟು, ಚಪ್ಪಲಿ ಮೆಟ್ಟಿ ತಾನೂ ಹೊರಟಳು.

“ನೀವು ಬರೂದು ಬೇಡ ಅಕ್ಕಾ. ಒಂದೇ ಹಾಸಿಗೆ ಹತ್ರ ಇಬ್ರು ಕಲಾವತಿ ಆಗ್ತ್ರಿ.”

“ಅಯ್ಯೋ ದೇವಾ, ಇದೆಂಥಾ ಕೆಲ್ಸ ಮಾಡ್ತ್ರಿ ನೀವು!” ಎಂದು ಅವಳು ಬಾಗಿಲ ಕಂಬ ಹಿಡಿದು ನಿಂತುಬಿಟ್ಟಳು.

ಗಾಡಿ ಹೊರಟ ಮೇಲೆ ದೇವಾನಂದ ಹೀರಾಳ ಕಿವಿಯ ಹತ್ತಿರ ಬಾಗಿದ. “ಕೇಳ್ತಾ? ನಿನ್ನ ಹೆಸ್ರು ಕಲಾವತಿ. ಊರು ಕಾಣಕೋಣ. ಬೇರೆ ಎಂಥಾ ಕೇಳಿದ್ರೂ ಬಾಯಿ ಬಿಡ್ಬೇಡ, ನಾ ಹೇಳ್ತೆ. ಮತ್ತೆ, ಆ ಚೀಟಿ ಇತ್ಲಾಗೆ ಕೊಡು.”

ಆ ಚೀಟಿಯ ವಿಷಯ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ದೇವಾನಂದ ಹಡಗಿನಲ್ಲಿದ್ದಾಗ ಹೀರಾಳಿಗೆ ಕಾರವಾರದಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಕೊಟ್ಟ ನಿಮಿಷಕ್ಕೆ ನಾಲಿಗೆ ದಪ್ಪವಾಗಿ, ಉಸಿರು ಕಟ್ಟಿ, ಹೋಗೇಬಿಟ್ಟಳು ಎನ್ನುವಂತಾಗಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರೇ ಪುಣ್ಯಾತ್ಮ, ಉಳಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ಅವಳ ಹೆಸರು, ಊರು ಬರೆದು, ‘ಪೆನ್ಸಿಲಿನ್ ಜಾತಿಯ ಔಷಧಿ ಕೂಡದು’ ಎಂದು ಕೆಂಪು ಶಾಯಿಯಲ್ಲಿ ಗೀಟು ಹಾಕಿ, ಜೀವ ಇರುವತನಕ ಇದನ್ನು ಬಿಡಬೇಡಮ್ಮ ಎಂದಿದ್ದರು. ಅಂದಿನಿಂದ ಅದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅವಳ ರವಿಕೆಯೊಳಗಿನ ಪರ್ಸಿನಲ್ಲೇ ಇತ್ತು. ದೇವಾನಂದನಿಗೆ ಆ ಸುದ್ದಿ ಯಾವುದೋ ಬಂದರಿನಲ್ಲಿ ಕಾಗದದ ಮೂಲಕ ತಿಳಿದದ್ದಷ್ಟೆ, ಕಣ್ಣಾರೆ ಕಂಡದ್ದಲ್ಲ.

“ಅದು ನನ್ನ ಹತ್ರಾನೇ ಇರ್ಲಿ,” ಎಂದಳು ಹೀರಾ.

“ಹುಚ್ಚೇ, ಅದ್ರಲ್ಲಿ ಹೀರಾ ಅಂತ ಅದೆ, ಅಂಕೋಲೆ ಅಂತ ಅದೆ. ಸಿಕ್ರೆ ಎಲ್ಲಾ ಕೆಟ್ಟೋಗ್ತದೆ. ನನ್ನ ಕಿಸೆಯಲ್ಲಿರ್ತದೆ, ಹೆದರ್ಬೇಡ.”

ಅವಳು ತೆಗೆದುಕೊಟ್ಟಳು.

ಆಸ್ಪತ್ರೆಯ ಕೌಂಟರಿನಲ್ಲಿ ಕ್ಲಾರ್ಕು ಫೈಲು ತೆಗೆದು ನೋಡಿದ, ಹೊಸ ಹಾಳೆ ಸೇರಿಸಿದ, ಒಳಗೆ ಹೋಗಿ ಎಂದ. ಅಷ್ಟೇ. ದೇವಾನಂದನಿಗೆ ಗೆದ್ದೆನೆಂಬ ಹಿಗ್ಗು. ಡಾಕ್ಟರು ಬಂದು ನೋಡಿದರು, ಸ್ಕ್ಯಾನ್ ಆಯಿತು, ಮೊದಲು ಕೀವು ಇಳಿಸಿ ಆಮೇಲೆ ಆಪರೇಷನ್ ಎಂದರು. ಹೀರಾಳ ಕೈಗೆ ಸಲೈನು ಹತ್ತಿತು. ನಡುಹಗಲಿನ ಹೊತ್ತಿಗೆ ಸಿಸ್ಟರ್ ಟ್ರೇ ಹಿಡಿದು ಬಂದರು, ಐವತ್ತರ ಹೆಂಗಸು.

“ಅಕ್ಕಾ, ನಿಮಗೆ ಯಾವುದಾದರೂ ಇಂಜೆಕ್ಷನ್ ಆಗಿಬರುವುದಿಲ್ಲವಾ?” ಎಂದು ಕೊಂಕಣಿಯಲ್ಲಿ ಕೇಳಿದರು.

ಹೀರಾ ಕಣ್ಣು ತೆರೆದಳು. ಗಂಡನ ಮುಖ ನೋಡಿದಳು.

ದೇವಾನಂದ ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ತಾವೇ ಫೈಲಿನ ಹಾಳೆ ಮಗುಚಿದರು. “ಓ, ಹೋದ ಸಲ ಕಾಲಿಗೆ ಪೆನ್ಸಿಲಿನ್ ಕೊಟ್ಟಿದ್ದಾರಲ್ಲ, ಇದೂ ಅದೇ ಜಾತಿಯದು. ಐದು ದಿನ ತಗೊಂಡಿದ್ದೀರಿ, ಏನೂ ಆಗಿಲ್ಲ. ಅಲ್ಲವಾ?”

ಈಗ ಏನು ಹೇಳುವುದು? ಆಗುವುದಿಲ್ಲ ಎಂದರೆ, ಆಗ ಹೇಗೆ ಆಯಿತು ಎಂದು ಕೇಳುತ್ತಾರೆ. ಕೇಳಿದರೆ ಚೀಟಿ ತೆಗೆಯಬೇಕು. ಚೀಟಿ ತೆಗೆದರೆ ಕಲಾವತಿ ಹೋಗಿ ಹೀರಾ ಬರುತ್ತಾಳೆ, ಹೀರಾಳನ್ನು ಈ ಸರ್ಕಾರ ಹಾಸಿಗೆಯಿಂದ ಎಬ್ಬಿಸಿ ಹೊರಗೆ ಹಾಕುತ್ತದೆ. ಪೊಲೀಸರನ್ನು ಕರೆದರೂ ಕರೆದಾರು. ಈ ಜ್ವರದಲ್ಲಿ ಅವಳು ವಾಪಸು ಅಂಕೋಲೆ ಮುಟ್ಟಿಯಾಳೇ? ಹನ್ನೆರಡು ವರ್ಷ ಆಯಿತಲ್ಲ, ಈಗ ಆಗಿಬಂದರೂ ಬಂದೀತು. ಹಾಗೆಂದು ತನಗೆ ತಾನೇ ಹೇಳಿಕೊಂಡ. ಥೂ, ಅಂಥ ಯೋಚನೆಯೂ ಮನುಷ್ಯನಿಗೆ ಬರುತ್ತದೆ.

“ಹೌದು, ಏನೂ ಆಗಿಲ್ಲ,” ಎಂದ ದೇವಾನಂದ.

ಹೀರಾ ನೋಟ ಕದಲಿಸಲಿಲ್ಲ. ಸಿಸ್ಟರ್ ಸೀಸೆಯ ತಲೆ ಒರೆಸಿ ಸೂಜಿ ಚುಚ್ಚಿದರು. ಸಿರಿಂಜು ಮೆಲ್ಲಗೆ ತುಂಬಿತು. “ಮೊದಲು ಚರ್ಮಕ್ಕೆ ಒಂಚೂರು ಹಾಕಿ ನೋಡುವುದು,” ಎನ್ನುತ್ತ ಅವರು ಹೀರಾಳ ತೋಳು ಹಿಡಿದರು. ಹೀರಾ ಕೈ ಎಳೆದುಕೊಳ್ಳಲಿಲ್ಲ, ಅಷ್ಟು ಗಟ್ಟಿಯಾಗಿ ಅವನ ಮಾತಿಗೆ ಕಟ್ಟುಬಿದ್ದಿದ್ದಳು. ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಹರಿಯಿತು.

“ಬೇಡ! ಬೇಡ ಸಿಸ್ಟರ್!” ದೇವಾನಂದ ಕೂಗಿದ್ದಕ್ಕೆ ವಾರ್ಡಿನವರೆಲ್ಲ ಎದ್ದು ಕೂತರು. “ಇವ್ಳು ಕಲಾವತಿ ಅಲ್ಲ! ಇವ್ಳು ಹೀರಾ, ನನ್ನ ಹೆಂಡ್ತಿ, ಅಂಕೋಲೆಯವ್ಳು. ಆ ಇಂಜೆಕ್ಷನ್ ಕೊಟ್ರೆ ಸತ್ತೋಗ್ತಾಳೆ. ಬೇಕಾರೆ ನನ್ನ ಹಿಡ್ಕೊಡಿ, ಇವ್ಳನ್ನ ಮಾತ್ರ ಹೊರಗೆ ಹಾಕ್ಬೇಡಿ!” ಕಿಸೆಯಿಂದ ಚೀಟಿ ತೆಗೆಯಲು ಹೋಗಿ ಕಿಸೆಯನ್ನೇ ಹರಿದುಕೊಂಡ.

ಸಿಸ್ಟರ್ ಸಿರಿಂಜನ್ನು ಟ್ರೇಯಲ್ಲಿಟ್ಟು ಚೀಟಿ ಓದಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಡಾಕ್ಟರನ್ನು ಕರೆಸಿದರು. ಅವರು ಔಷಧಿ ಬದಲಿಸಿ, ಹಳೆಯ ಫೈಲನ್ನು ಹಾಸಿಗೆಯ ಬಳಿಯಿಂದ ತೆಗೆಸಿ, ರಕ್ತ ಪರೀಕ್ಷೆಯನ್ನೂ ಹೊಸದಾಗಿ ಮಾಡಲು ಹೇಳಿದರು. ಹೆಸರು ಸರಿಮಾಡಿಸಿಕೊಂಡು ಬನ್ನಿ ಎಂದು ದೇವಾನಂದನನ್ನು ಕೌಂಟರಿಗೆ ಅಟ್ಟಿದರು.

ಕ್ಲಾರ್ಕು ಹಾಳೆ ತಿದ್ದುತ್ತ ತಲೆಯೆತ್ತಿದ. “ಅಂಕೋಲೆ ಅಂದರೆ ಕಾರವಾರದ ಆಚೆ ಅಲ್ಲವಾ? ಆ ಕಡೆಯವರು ದಿನಾ ಬರುತ್ತಾರೆ, ದಿನಾ ಬರೆದುಕೊಳ್ಳುತ್ತೇನೆ. ಹೊರಗಿನವರನ್ನು ಸೇರಿಸುವುದಿಲ್ಲ ಅಂತ ಯಾರು ಹೇಳಿದ್ದು ನಿಮಗೆ?”

ದೇವಾನಂದ ತಿದ್ದಿದ ಹಾಳೆ ಕೈಗೆ ತೆಗೆದುಕೊಂಡ. ಹೇಳಿದವನು ತಾನೇ ಆಗಿದ್ದ.

ಜ್ವರ ಇಳಿಯಿತು. ಆಪರೇಷನ್ನೂ ಆಯಿತು. ಅದರ ಮೂರನೇ ದಿನ ಹೀರಾ ದಿಂಬಿಗೆ ಒರಗಿ ಕೂತು ಗಂಜಿ ಕುಡಿದಳು. ದೇವಾನಂದ ಬಟ್ಟಲು ತೊಳೆದು ತಂದು ಪಕ್ಕದಲ್ಲಿ ಕೂತ. ಚೀಟಿ ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅವನ ಕೈಯಲ್ಲೇ ಇತ್ತು.

“ಸಿಸ್ಟರ್ ಕೇಳಿದಾಗ ಇದು ನಿಮ್ಮ ಕಿಸೆಯಲ್ಲೇ ಇತ್ತಲಾ?” ಎಂದಳು ಹೀರಾ.

“ಇತ್ತು.”

“ಏನೂ ಆಗಿಲ್ಲ ಅಂದ್ರಿ.”

“ಅಂದೆ. ನಿನ್ನ ಹೊರಗೆ ಹಾಕ್ತ್ರು ಅಂತ ಹೆದರ್ಕೆ ಆಯ್ತು ಹೀರಾ.”

“ನಂಗೂ ಹೆದರ್ಕೆ ಆಯ್ತು. ನಿಮ್ಮ ಬಾಯಿ ನೋಡ್ತಾ ಮಲ್ಗಿದ್ದೆ.”

ಅವಳು ಜಗಳ ಮಾಡಲಿಲ್ಲ, ಅಳಲೂ ಇಲ್ಲ. ಹೊಲಿಗೆ ಎಳೆಯದ ಹಾಗೆ ಮೆಲ್ಲಗೆ ಕೈ ಚಾಚಿ ಅವನ ಬೆರಳುಗಳಿಂದ ಚೀಟಿ ಬಿಡಿಸಿಕೊಂಡು, ರವಿಕೆಯೊಳಗಿನ ಪರ್ಸಿಗೆ ಸೇರಿಸಿದಳು.

“ಇನ್ನು ಇದು ನಿಮ್ಮ ಹತ್ರ ಬೇಡ,” ಎಂದಳು.