ಬಿಗಿದ ಮುಷ್ಟಿ ಹುಡುಕುವ ಚಂದವ್ವ

ಆಗತಾನೇ ಬೆಳಕು ಹರಿಯುತ್ತಿದೆ. ಮುಂಬಯಿ ಹತ್ತಿರದ ಕಲ್ಯಾಣದ ನಾಕಾದಲ್ಲಿ, ಕೂಲಿಗೆ ಕರೆಯುವವರನ್ನು ಕಾಯುತ್ತಾ ಬುತ್ತಿ ಹಿಡಿದು ನಿಂತ ಹೆಂಗಸರ ಬಲಗೈಗಳನ್ನೇ ನೋಡುತ್ತಾ ಚಂದವ್ವ ಸಾಗುತ್ತಾರೆ. ಹುಡುಕುವ ಮುಷ್ಟಿ ಇಂದೂ ಕಾಣುವುದಿಲ್ಲ. ಸ್ಟೇಷನ್ ಹತ್ತಿರದ ಪುಟ್ಟ ಮನೋಚಿಕಿತ್ಸಾ ಕ್ಲಿನಿಕ್ಕಿನ ಬಾಗಿಲು ತೆರೆದು ಕಸಬರಿಗೆ ಹಿಡಿಯುತ್ತಾರೆ.

ಕಲಬುರಗಿ ಕಡೆಯ ಚಂದವ್ವ ಗಾರೆ ಕೆಲಸಕ್ಕೆಂದು ಬಂದವರು. ಸೊಂಟ ಕೈಕೊಟ್ಟ ಮೇಲೆ ಇಲ್ಲಿ ಸೇರಿಕೊಂಡರು. ಗುಡಿಸುವುದು, ಸಕ್ಕರೆ ಸುರಿದು ಚಹಾ ಕಾಸುವುದು ಸಂಬಳದ ಕೆಲಸ. ಅಸಲು ಕೆಲಸ ಒಳಕೋಣೆಯಲ್ಲಿದೆ. ಡೊಂಬಿವಲಿಯಲ್ಲಿ ಹುಟ್ಟಿ, ತುಳು, ಮರಾಠಿಯಲ್ಲಿ ಬೆಳೆದ ಡಾಕ್ಟರ್ ಜ್ಯೋತ್ಸ್ನಾ ಅವರಿಗೆ ಕಲಬುರಗಿ ಕೂಲಿಕಾರರ ಮಾತು ಅರ್ಧಂಬರ್ಧ. ನಡುವೆ ಕೂತು ಮಾತು ದಾಟಿಸುವವರು ಚಂದವ್ವ.

ಜ್ಯೋತ್ಸ್ನಾ ಅವರ ಚಿಕಿತ್ಸೆಯ ರೀತಿಯೇ ಬೇರೆ. ಒಬ್ಬ ಮನುಷ್ಯನೊಳಗೆ ಹೆದರಿದವರು, ಸಿಟ್ಟಾದವರು, ಕಾವಲು ಕಾಯುವವರು ಹೀಗೆ ಹಲವರಿರುತ್ತಾರೆ ಎನ್ನುತ್ತಾರೆ ಅವರು. ಯಾರನ್ನೂ ಓಡಿಸದೆ ಒಬ್ಬೊಬ್ಬರನ್ನೇ ಮಾತಾಡಿಸಬೇಕು. ಆಘಾತವೇ ಮೈನೋವಾಗಿ ಕೂತ ಕೆಲವರಿಗೆ ಇದರಿಂದ ಹಗುರಾಗುತ್ತದೆ.

ಕಳೆದ ಚಳಿಗಾಲದಲ್ಲಿ ಒಬ್ಬ ಹುಡುಗಿ ಬಂದಳು. ಭಾಗ್ಯಾ ಎನ್ನೋಣ, ನಿಜವಾದ ಹೆಸರು ಬೇಡ. ಕೋಪರಖೈರಣೆಯಲ್ಲಿ ಕಟ್ಟಡಕ್ಕೆ ಕಟ್ಟಿದ್ದ ಬಿದಿರಿನ ಸಾರುವೆಯಿಂದ ತಂಗಿ ಜಾರಿದಾಗ ಭಾಗ್ಯಾ ಹಿಡಿದಿದ್ದ ಕೈ ತಪ್ಪಿಹೋಗಿತ್ತು, ತಂಗಿ ಉಳಿಯಲಿಲ್ಲ. ಅಂದಿನಿಂದ ಬಲಮುಷ್ಟಿ ಬಿಗಿದೇ ಇತ್ತು. ಎಕ್ಸ್‌ರೇ, ನರದ ಪರೀಕ್ಷೆ ಯಾವುದರಲ್ಲೂ ಏನೂ ಸಿಗಲಿಲ್ಲ. ಕೆಲವು ವಾರ ಮಾತಾಡಿಸಿದ ಮೇಲೆ ಎರಡು ಬೆರಳು ಸಡಿಲಾಗಿದ್ದವು.

ಒಂದು ದಿನ ಡಾಕ್ಟರ್ ಮರಾಠಿಯಲ್ಲಿ, "ಇವಳೊಳಗೆ ಮುಷ್ಟಿ ಹಿಡಿದು ಕೂತವಳಿಗೆ ಏನು ಭಯ, ಕೇಳಿ ಮೌಶಿ" ಎಂದು ಚಂದವ್ವನಿಗೆ ಹೇಳಿದರು. ಚಂದವ್ವ ಬಾಯಿ ತೆರೆಯುವಷ್ಟರಲ್ಲಿ ಭಾಗ್ಯಾಳ ಮೈ ನಡುಗಿತು, ದನಿ ಬೇರೆಯಾಯಿತು. ಊರಿನಲ್ಲಿ ಗಾಳಿ ಹಿಡಿದವರನ್ನು ಕೇಳುವ ರೀತಿಯೇ ಚಂದವ್ವನ ಬಾಯಿಗೆ ಬಂತು.

"ಯಾರು ನೀ? ಈ ಹುಡುಗಿನ್ನ ಬಿಟ್ಟು ಹೋಗು."

ಸಡಿಲಾಗಿದ್ದ ಬೆರಳುಗಳು ಮತ್ತೆ ಮುಚ್ಚಿಕೊಂಡವು. "ನಾ ಬಿಡಂಗಿಲ್ಲ" ಎಂದಷ್ಟೇ ಹೇಳಿ ಭಾಗ್ಯಾ ಎದ್ದು ಹೋದಳು. ಮತ್ತೆ ಬರಲಿಲ್ಲ. ಫೋನೂ ಬಂದ್.

"ಗಾಳಿ ಅಲ್ರಿ ಅದು," ಚಂದವ್ವ ಚಹಾ ಸೋಸುತ್ತಾ ಹೇಳುತ್ತಾರೆ. "ತಂಗಿ ಕೈ ಇನ್ನಾ ಹಿಡ್ಕೊಂಡು ಕುಂತಿತ್ತು, ಪಾಪ. ಅಂಥಾದ್ದಕ್ಕ ನಾ ಬಿಡು ಅಂದೆ."

ಚಿಕಿತ್ಸೆಯ ರೀತಿಯನ್ನು ಚಂದವ್ವನಿಗೆ ಮೊದಲೇ ತಿಳಿಸಿ ಹೇಳದೆ ಕೂರಿಸಿದ್ದು ತಮ್ಮ ತಪ್ಪೆಂದು ಡಾಕ್ಟರ್ ಎಷ್ಟೋ ಸಲ ಹೇಳಿದ್ದಾರೆ. ಚಂದವ್ವನ ಸಂಕಟ ಅದರಿಂದ ಇಳಿದಿಲ್ಲ. ಈಗಲೂ ದಿನಕ್ಕೆ ನಾಲ್ಕೈದು ಮಂದಿಯ ಮಾತು ದಾಟಿಸುತ್ತಾರೆ. ಯಾರನ್ನೂ ಗದರುವುದಿಲ್ಲ. ಬೆಳಗಾದರೆ ನಾಕಾ ಸುತ್ತುವುದು ಮಾತ್ರ ತಪ್ಪಿಲ್ಲ.

ಭಾಗ್ಯಾ ಸಿಕ್ಕರೆ ಏನು ಹೇಳುತ್ತೀರಿ ಎಂದರೆ ಸೋಸಣಿಗೆ ಕೆಳಗಿಡುತ್ತಾರೆ.

"ಆಕಿಗಿ ಏನೂ ಹೇಳಂಗಿಲ್ರಿ. ಆ ಮುಷ್ಟಿಗಿ ಹೇಳ್ಬೇಕು. ಬಿಡಬ್ಯಾಡವ್ವಾ, ಹಿಡ್ಕೊಂಡೇ ಕೂಡು, ನಾನೂ ಬಾಜೂಕ ಕೂಡ್ತೀನಿ ಅಂತ."