ಅವ್ವನ ಹಾಡು, ಕಂಪನಿಯ ಬೀಗ

ಹೋದ ತಿಂಗಳು ನನ್ನ ಮೊಬೈಲು ನಮ್ಮ ಅವ್ವನನ್ನು ಕಳ್ಳಿ ಅಂದಿತು.

(ನೇರವಾಗಿ ಹಾಗೆ ಅನ್ನಲಿಲ್ಲ, ನಿಜ. ಮಷೀನುಗಳಿಗೆ ಭಾರೀ ಮರ್ಯಾದೆ. 'ಈ ವಿಡಿಯೋದಲ್ಲಿರುವ ಹಾಡು ಬೇರೆಯವರ ಸ್ವತ್ತು, ಆದ್ದರಿಂದ ಧ್ವನಿಯನ್ನು ತೆಗೆದುಹಾಕಲಾಗಿದೆ' ಅಂದಿತು. ಎರಡಕ್ಕೂ ಏನು ವ್ಯತ್ಯಾಸ ಅಂತ ನೀವೇ ಹೇಳಿ.)

ನಡೆದದ್ದು ಇಷ್ಟು. ನಮ್ಮೂರು ಮರಳಿಯಲ್ಲಿ ನನ್ನ ತಮ್ಮನ ಬಸುರಿ ಮಗಳಿಗೆ ಕುಬುಸದ ಕಾರ್ಯ ಇತ್ತು. ನಾನು ಕೊಪ್ಪಳದಿಂದ, ಪಾಠ ಹೇಳುವ ಸಾಲಿಗೆ ಒಂದು ದಿನ ರಜೆ ಹಾಕಿ, ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಹೋಗಿ ಮುಟ್ಟುವ ಹೊತ್ತಿಗೆ ಹುಡುಗಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದರು. ಬಾಡಿಗೆಗೆ ತಂದ ಸೌಂಡ್ ಬಾಕ್ಸಿನಿಂದ ಯಾವುದೋ ಸಿನಿಮಾ ಹಾಡು ಕಿವಿ ಕೀಳುತ್ತಿತ್ತು. ನಾನು ಹೋದವಳೇ ಪ್ಲಗ್ ಕಿತ್ತೆ.

"ಅವ್ವ ಹಾಡಲಿ" ಅಂದೆ.

ಅವ್ವ ಹಾಡಿದಳು. ಅಡುಗೆಮನೆಯ ಬಾಗಿಲಲ್ಲೇ ನಿಂತು ಹಾಡಿದಳು. ಅಪ್ಪ ತೀರಿಕೊಂಡ ಮೇಲೆ ಅವಳು ಇಂಥ ಕಾರ್ಯಗಳಲ್ಲಿ ಮುಂದೆ ಬರುವುದಿಲ್ಲ. ಬಾ ಎಂದು ನಾವು ಜಗಳ ಮಾಡಿದರೂ ಬರುವುದಿಲ್ಲ. ನಮ್ಮ ಓಣಿಯಲ್ಲಿ ಕುಬುಸದ ಹಾಡು ಮುಗಿದ ಮೇಲೆ ಹಾಡಿದವಳು ಒಡಪು ಹಾಕಿ, ಅಂದರೆ ಪ್ರಾಸದ ಮಾತಿನಲ್ಲಿ ಸೇರಿಸಿ, ಗಂಡನ ಹೆಸರು ಹೇಳಬೇಕು. ಹೇಳದೆ ಆಕೆಯನ್ನು ಬಿಡುವುದಿಲ್ಲ, ಆರತಿಯೂ ಎತ್ತುವುದಿಲ್ಲ. ಆವತ್ತು ಅವ್ವನ ಹಾಡು ಮುಗಿಯಿತು, ಸೀದಾ ಆರತಿ ಎತ್ತಿದರು. ಅವಳನ್ನು ಯಾರೂ ಒಡಪು ಕೇಳಲಿಲ್ಲ. ಗಂಡ ಇಲ್ಲದವಳನ್ನು ಕೇಳುವ ಪದ್ಧತಿ ಇಲ್ಲ.

ನಾನು ಮೊಬೈಲಿನಲ್ಲಿ ಹಾಡು ಹಿಡಿದುಕೊಂಡು ಬಂದೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೀಗರೆಲ್ಲ ನೋಡಲಿ ಎಂದು ವಿಡಿಯೋ ಆ್ಯಪಿಗೆ ಹಾಕಿದೆ. ಮರುದಿನ ತೆರೆದು ನೋಡಿದರೆ ಅವ್ವನ ತುಟಿ ಅಲ್ಲಾಡುತ್ತಿದೆ, ದನಿ ಇಲ್ಲ!

ಸುದ್ದಿ ಮರಳಿಗೆ ಮುಟ್ಟಲು ಎಷ್ಟು ಹೊತ್ತು? ಸಂಜೆ ಅವ್ವನ ಫೋನ್ ಬಂತು.

"ಅದು ಮಂದಿ ಹಾಡಂತಲ್ಲವ್ವಾ. ನನಗ ಗೊತ್ತಿದ್ದಿಲ್ಲ ನೋಡು. ನಮ್ಮವ್ವ ಕಲಿಸಿದ್ಲು, ನಾ ಹಾಡಕೋಂತ ಬಂದೆ. ಇನ್ನ ಹಾಡಂಗಿಲ್ಲ ಬಿಡು. ತೊಟ್ಟಿಲಕ್ಕ ಆ ಹಾಡಿನ ಡಬ್ಬಿಯವನನ್ನ ಕರಸ್ರಿ."

ಮಂದಿ ಗದ್ದೆಯಲ್ಲಿ ಜೀವನಪೂರ್ತಿ ಸಸಿ ಹಚ್ಚಿದ ಹೆಂಗಸು ಇವಳು. ಆ ಗದ್ದೆಯ ಬದುವಿನ ಒಂದು ಹಸಿಮೆಣಸಿನಕಾಯಿ ಸಹ ಕೇಳದೆ ಕಿತ್ತವಳಲ್ಲ. ಅವಳಿಗೆ ಅವಮಾನ ಆಗಿತ್ತು. ಮೊಮ್ಮಗಳಿಗೆ ಹುಟ್ಟಲಿರುವ ಕೂಸಿಗೆ ಜೋಗುಳ ಹಾಡುವುದನ್ನೂ ಬಿಟ್ಟೆ ಅಂತಿದ್ದಾಳೆ. ನನಗೆ ನಿಜಕ್ಕೂ ಸಂಕಟವಾಯಿತು. ಸಂಕಟದ ಹಿಂದೆಯೇ ಸಿಟ್ಟೂ ಬಂತು.

"ಅದು ಸಿಸ್ಟಂ ರೀ ಮೇಡಂ, ಬಿಡ್ರಿ" ಎಂದರು ನಮ್ಮ ಸ್ಟಾಫ್ ರೂಮಿನವರು. ಯಾಕೆ ಬಿಡಬೇಕು? ಸಿಸ್ಟಂ ಏನು ಮ್ಯಾಲಿನಿಂದ ಇಳಿದು ಬಂದಿದೆಯೇ?

ಹಾಡು ಯಾರದೆಂದು ಹೇಳುವ ಲಿಂಕ್ ಒತ್ತಿದೆ. ಒಂದು ಆಲ್ಬಂ ತೆರೆಯಿತು. ಕವರಿನ ಮೇಲೆ ತುಟಿಗೆ ಢಾಳಾಗಿ ಬಣ್ಣ ಬಳಿದುಕೊಂಡು, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಚೆಲುವೆ. (ಆ ಕೊಡದಲ್ಲಿ ಒಂದು ಹನಿ ನೀರಿಲ್ಲವೆಂದು ಬೆಟ್ ಕಟ್ಟುತ್ತೇನೆ.) ಹಾಡಿದವರು: 'ಗ್ರಾಮೀಣ ಮಹಿಳೆಯರು'. ಪ್ಲೇ ಒತ್ತಿದೆ. ಎರಡೇ ಸಾಲು ಕೇಳಿ ನಿಲ್ಲಿಸಿಬಿಟ್ಟೆ.

ಅದು ನಮ್ಮವ್ವನ ದನಿ. ನಮ್ಮವ್ವನ ಹಳೆಯ ದನಿ!

ಆಗ ನೆನಪಾಯಿತು. 1997. ನಾನು ಗಂಗಾವತಿಯಲ್ಲಿ ಕಾಲೇಜು ಓದುತ್ತಿದ್ದೆ. ಒಂದು ದಿನ ಊರಿಗೆ ಜೀಪು ಬಂತಂತೆ, ಕ್ಯಾಸೆಟ್ ಕಂಪನಿಯವರು. ಚೆನ್ನಾಗಿ ಹಾಡುವವರು ಯಾರಿದ್ದಾರೆಂದು ಕೇಳಿದರಂತೆ. ಸಾಲಿ ಕೋಣೆಯ ಕಿಟಕಿಗಳಿಗೆ ಮನೆಮನೆಯ ಕೌದಿ ತಂದು ಕಟ್ಟಿಸಿ, ರೈಸ್ ಮಿಲ್ಲು ಊಟಕ್ಕೆ ನಿಂತ ಹೊತ್ತು ನೋಡಿ ರೆಕಾರ್ಡ್ ಮಾಡಿಕೊಂಡರಂತೆ. ನಾನು ಸಂಜೆ ಮನೆಗೆ ಬಂದಾಗ ಅವ್ವ ಕೌದಿ ಝಾಡಿಸುತ್ತಾ ಎಲ್ಲ ಹೇಳಿದ್ದಳು. ಚಹಾ ಕೊಟ್ಟಿದ್ದರು, ಒಗ್ಗರಣಿ-ಮಿರ್ಚಿ ತಿನ್ನಿಸಿದ್ದರು, ಹಾಡಿದವರಿಗೆಲ್ಲ ಒಂದೊಂದು ಕುಬುಸದ ಕಣ, ಅಂದರೆ ರವಿಕೆ ಬಟ್ಟೆ, ಕೊಟ್ಟಿದ್ದರು. ಒಂದು ಕಾಗದಕ್ಕೆ ಸಹಿ ಇಲ್ಲ, ಹೆಬ್ಬೆಟ್ಟು ಇಲ್ಲ. ಹೆಸರೂ ಕೇಳಲಿಲ್ಲ.

ಕ್ಯಾಸೆಟ್ಟಿನ ಸುರುಳಿಗೆ ಪೆನ್ಸಿಲ್ ಹಾಕಿ ತಿರುಗಿಸಿದ ಸವಿನೆನಪುಗಳನ್ನು ಎಲ್ಲರೂ ಬರೆದಾಯಿತು. ನಾನು ಬರೆಯಲಾರೆ. ಆ ಕಾಲ ಅಷ್ಟೊಂದು ಸವಿಯಾಗಿದ್ದರೆ ಕವರಿನ ಮೇಲೆ ನಮ್ಮವ್ವನ ಹೆಸರು ಯಾಕಿರಲಿಲ್ಲ? ಹಾಗೆಂದು ಈ ಡಿಜಿಟಲ್ ಕಾಲಕ್ಕೂ ಜೈ ಅನ್ನಲಾರೆ. ಹಳೆಯವರು ಹಾಡು ಒಯ್ದರು, ಹೊಸಬರು ಅದಕ್ಕೆ ಬೀಗ ಜಡಿದರು. ನನಗೆ ಇಬ್ಬರ ಮೇಲೂ ಸಿಟ್ಟಿದೆ.

ಹುಡುಕಾಡಿ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆ ಒಬ್ಬ ನಯವಾದ ಯುವಕ.

"ಮೇಡಂ, ಜಾನಪದ ಅಂದ್ರೆ ಯಾರೊಬ್ಬರದ್ದೂ ಅಲ್ಲ."

"ಯಾರದ್ದೂ ಅಲ್ಲದ್ದು ನಿಮ್ಮದು ಹೆಂಗಾತು?"

"ರೆಕಾರ್ಡಿಂಗ್ ನಮ್ಮದು ಮೇಡಂ."

"ನಾ ಹಾಕಿದ್ದು ನಿಮ್ಮ ರೆಕಾರ್ಡಿಂಗ್ ಅಲ್ರೀ. ಮೊನ್ನೆ ನಮ್ಮ ಮನ್ಯಾಗ ನನ್ನ ಫೋನಿನಾಗ ಹಿಡಿದಿದ್ದು."

"ಆದ್ರೆ ಮ್ಯಾಚ್ ಆಗ್ತಾ ಇದೆಯಲ್ಲ."

"ಆಗದ ಏನು? ಹಾಡಿದಾಕಿ ಒಬ್ಬಾಕೀನ!"

ಯುವಕ "ಪ್ರೂಫ್ ಇದ್ರೆ ಫಾರ್ಮ್ ತುಂಬಿ ಮೇಡಂ" ಎಂದು ಫೋನ್ ಇಟ್ಟ.

ಫಾರ್ಮ್ ತೆರೆದೆ. ಹಾಡಿನ ಮೇಲಿನ ಹಕ್ಕಿಗೆ ಪುರಾವೆ ಲಗತ್ತಿಸಿ ಎಂದಿತ್ತು. ಅವ್ವನ ಅವ್ವ ಕಲಿಸಿದ ಹಾಡಿಗೆ ಏನು ಲಗತ್ತಿಸಲಿ? ಪಹಣಿಯೇ? ರೇಷನ್ ಕಾರ್ಡೇ?

ಭಾನುವಾರ ಮರಳಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಕುಂತು ಅಕ್ಕಿ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು. ಏನೂ ಹೇಳದೆ ಮೊಬೈಲು ಇಟ್ಟು ಆ ಟ್ರ್ಯಾಕ್ ಹಚ್ಚಿದೆ. ಈ ಸಲ ನಡುವೆ ನಿಲ್ಲಿಸಲಿಲ್ಲ.

ಅವ್ವನ ಕೈ ಮೊರದ ಮೇಲೆ ನಿಂತಿತು. "ಇದು ನಂದ ದನಿ ಅಲ್ಲೇನ?" ಎಂದಳು. ಹಾಡು ಮುಗಿಯಿತು. ನಾನು ಮೊಬೈಲು ಎತ್ತಿಕೊಳ್ಳಲು ಹೋದೆ. ಅಷ್ಟರಲ್ಲಿ ಅದರೊಳಗಿಂದ ಅವ್ವ ಮಾತಾಡಿದಳು, ನಾಚಿಕೆಯಲ್ಲಿ, ನಗುವಿನಲ್ಲಿ:

"ಕಾಲುವಿ ನೀರು ಗದ್ದಿಗೆ ಚಂದ, ಗದ್ದಿ ಹಸಿರು ಊರಿಗೆ ಚಂದ, ಹೆಗಲಿಗೆ ಟವೆಲ್ ಹಾಕ್ಕೊಂಡು ಬರೋ ಶರಣಪ್ಪ ನನಗ ಚಂದ."

ಶರಣಪ್ಪ ನಮ್ಮಪ್ಪ.

ಅವ್ವ ನಕ್ಕಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. "ಹಾಡು ಮುಗೀತಲ್ಲ, ಆ ಮಷೀನಿನಂವ ಸಾಕು ಅಂತ ಕೈ ಎತ್ತಿದ. ನಾ ಒಡಪ ಹಾಕು ಅಂತಾನಂತ ತಿಳದು ಹಾಕಿಬಿಟ್ಟೆ. ಎಲ್ಲಾರೂ ಬಿದ್ದು ಬಿದ್ದು ನಕ್ರು. ಅಂವ ಅದನ್ನ ತಗೀತೀನಿ ಅಂದಿದ್ದ. ತಗದಿಲ್ಲ ನೋಡು!"

"ಇನ್ನೊಮ್ಮಿ ಹಚ್ಚು" ಎಂದಳು. ಹಚ್ಚಿದೆ. ಮತ್ತೊಮ್ಮೆ ಹಚ್ಚಿಸಿಕೊಂಡಳು. ನಮ್ಮ ಮನೆಯಲ್ಲಿ ಅಪ್ಪನ ಫೋಟೋ ಇದೆ. ಅಪ್ಪನ ಹೆಸರನ್ನು ಅವ್ವನ ಬಾಯಲ್ಲಿ ಕೇಳಿ ವರ್ಷಗಳೇ ಆಗಿದ್ದವು. ಅದನ್ನು ಇಷ್ಟು ದಿನ ಯಾರೋ ಕಂಪನಿಯವರು ಇಟ್ಟುಕೊಂಡಿದ್ದರು, ಏನೆಂದು ಗೊತ್ತೇ ಇಲ್ಲದೆ.

ಅವ್ವ ಮೊರ ಬದಿಗಿಟ್ಟಳು. ಸೆರಗು ಸರಿಮಾಡಿಕೊಂಡಳು.

"ಫೋನ ಹಿಡಿ. ಹಾಡ್ತೀನಿ."

"ಅವ್ವಾ, ಅಡಗಿಮನಿ ಬಾಗಿಲ ಕಡೆ ಬೆಳಕಿಲ್ಲ..."

"ಬಾಗಿಲದಾಗ ಯಾಕ ನಿಂದರಲಿ? ಇಲ್ಲೇ ಕುಂದರ್ತೀನಿ, ನಡಕ."

ಮೊಮ್ಮಗಳ ಮಗ್ಗುಲಲ್ಲಿ, ಪಡಸಾಲೆಯ ನಟ್ಟನಡುವೆ ಕುಂತು ಪೂರ್ತಿ ಹಾಡಿದಳು. ದನಿ ಈಗ ಒರಟು, ನಡುನಡುವೆ ಉಸಿರು ಸಾಲದು. ಹಾಡು ಮುಗಿಯಿತು. ನನ್ನ ತಮ್ಮನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಿದ್ದಳು. "ಅತ್ತೀ, ಒಡಪ?" ಎಂದಳು ಮೆಲ್ಲಗೆ. ಅವಳ ಬಾಯಿಗೆ ಸಕ್ಕರೆ ಹಾಕಬೇಕು.

ಅವ್ವ ಅದೇ ಒಡಪು ಹಾಕಿದಳು. ಅದೇ ಹೆಸರು ಹೇಳಿದಳು, ಗಟ್ಟಿಯಾಗಿ. ಗಂಡ ಸತ್ತವಳು ಹೆಸರು ಹೇಳಬಾರದು ಅನ್ನುವ ಮಂದಿ ನಮ್ಮ ಓಣಿಯಲ್ಲಿದ್ದಾರೆ. ಅವರೂ ಕೇಳಲಿ ಎಂದು ನಾನು ಕಿಟಕಿ ತೆರೆದೇ ಇಟ್ಟಿದ್ದೆ.

ತೊಟ್ಟಿಲಿಗೆ ಡಬ್ಬಿಯವನನ್ನು ಕರೆಸುವ ಮಾತು ಅಲ್ಲಿಗೆ ಮುಗಿಯಿತು. ನಾನು ಚಪ್ಪಲಿ ಮೆಟ್ಟುವಾಗ ಅವ್ವ ಹೊಸ್ತಿಲಿಗೆ ಬಂದು, "ಹಾಡು ಅವರದು ಅಂದ್ರ ಅನ್ಲಿ. ಶರಣಪ್ಪನ್ನ ಯಾಕ ಇಟ್ಕೊಂಡಾರ ಕೇಳು" ಎಂದಳು.

ಕೇಳಿದ್ದೇನೆ. ಹೊಸ ವಿಡಿಯೋವನ್ನೂ ಹಾಕಿದ್ದೇನೆ, ಬೇಕಾದರೆ ಅದರ ಬಾಯಿಯನ್ನೂ ಮುಚ್ಚಿಸಲಿ, ಮತ್ತೆ ಹಾಕುತ್ತೇನೆ. ಫಾರ್ಮಿನಲ್ಲಿ ಪುರಾವೆ ಕೇಳಿದ ಜಾಗದಲ್ಲಿ ಹೀಗೆ ಬರೆದೆ: 'ನಿಮ್ಮದೇ ಟ್ರ್ಯಾಕನ್ನು ಕೊನೆಯ ತನಕ ಕೇಳಿ. ಅದರಲ್ಲಿ ಒಬ್ಬ ಹೆಂಗಸು ತನ್ನ ಗಂಡನ ಹೆಸರು ಹೇಳುತ್ತಾಳೆ. ಆತ ಮರಳಿಯ ಶರಣಪ್ಪ, ನಮ್ಮಪ್ಪ.' ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಆದ್ದರಿಂದ ಫಾರ್ಮಿನ ಕೊನೆಗೆ ಕೇಳಿದ ಪ್ರಶ್ನೆಯನ್ನು ಇಲ್ಲೂ, ಎಲ್ಲರ ಮುಂದೆ, ಕೇಳುತ್ತಿದ್ದೇನೆ:

ನಮ್ಮಪ್ಪ ನಿಮಗೆ ಏನಾಗಬೇಕು?