ಚೈನಿಲ್ಲದೆ ಇಳಿಯುವ ಸೈಕಲ್

ವಿರಾಜಪೇಟೆಯಲ್ಲಿ ಇನ್ನೂ ಮಂಜು ಸರಿದಿಲ್ಲ. ಪುಟ್ಟರಾಜು ಅವರ ಸೈಕಲ್ ಅಂಗಡಿಯ ಮುಂದಿನ ಇಳಿಜಾರಿನಲ್ಲಿ ನಡುವಯಸ್ಸಿನವರೊಬ್ಬರು ಸೈಕಲ್ ಮೇಲೆ ಬರುತ್ತಿದ್ದಾರೆ. ಸೈಕಲ್ಲಿಗೆ ಚೈನೇ ಇಲ್ಲ! ಸವಾರರು ಪೆಡಲನ್ನು ಹಿಂದಕ್ಕೆ ಒತ್ತುತ್ತಾರೆ. ಅದು ಗಿರ್ರನೆ ತಿರುಗುತ್ತದೆ, ಸೈಕಲ್ ನಿಲ್ಲುವುದಿಲ್ಲ. "ಕೈಬ್ರೇಕು! ಕೈಬ್ರೇಕು ಹಿಡಿ!" ಎಂದು ಪುಟ್ಟರಾಜು ಕೂಗುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ತೆರೆದಾಗ ಸವಾರರು ತಿರುವಿನಲ್ಲಿ ಪೇರಿಸಿಟ್ಟ ಹುಲ್ಲಿನ ಚೀಲಗಳ ಮೇಲೆ ಬಿದ್ದಿದ್ದಾರೆ.

"ಲೇ ಪುಟ್ಟ, ಕೊಲ್ಲೋಕೆ ಕರೆದ್ಯೇನೋ?"

"ಕೊಲ್ಲೋಕಲ್ಲ ಜವರಣ್ಣ. ಏಳು, ಇನ್ನೊಂದ್ಸಲ ಬಾ."

"ತಪಾಲಿಗೆ ಹೊತ್ತಾಯ್ತು. ಚೈನ್ ಹಾಕ್ಕೊಡು. ದೊರೆ ಬಯ್ತಾನೆ."

"ಬಯ್ಲಿ. ಬೈಸ್ಕೊಳ್ಳೋಕೆ ತಲೆ ಇರ್ಬೇಕಲ್ಲ."

ಈ ಜವರಪ್ಪ ಮಾಕುಟ್ಟದ ಘಾಟಿ ದಾರಿಯ ಎಸ್ಟೇಟೊಂದಕ್ಕೆ ದಿನಾ ತಪಾಲು ಒಯ್ಯುವವರು; ದೊರೆ ಎಂದರೆ ಅಲ್ಲಿನ ಮ್ಯಾನೇಜರು. ಗೊಣಗುತ್ತಲೇ ಸೈಕಲ್ ತಳ್ಳಿಕೊಂಡು ಮತ್ತೆ ದಿಬ್ಬ ಹತ್ತುತ್ತಾರೆ. ಇದೆಂಥ ಹುಚ್ಚಾಟ ಎಂದು ಪುಟ್ಟರಾಜು ಅವರನ್ನು ಕೇಳುತ್ತೇನೆ.

ಸ್ವಾತಂತ್ರ್ಯ ಬಂದು ಬಿಳಿ ದೊರೆಗಳು ತಮ್ಮ ದೇಶಕ್ಕೆ ಹೊರಟಾಗ ಬಿಟ್ಟುಹೋದ ಸೈಕಲ್ಲುಗಳು ನಮ್ಮ ಕೊಡಗು ರಾಜ್ಯದಲ್ಲಿ ಇನ್ನೂ ಓಡುತ್ತಿವೆ. ಅವುಗಳಲ್ಲಿ ಕೆಲವು ತೀರಾ ಹಳೆಯವು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ನಿಲ್ಲಿಸಬೇಕೆಂದರೆ ಕಾಲಿನಿಂದ ಪೆಡಲನ್ನು ಹಿಂದಕ್ಕೆ ಒತ್ತಬೇಕು. ಈಗ ಎಲ್ಲರಿಗೂ ಹೊಸದು ಬೇಕು: ಇಳಿಜಾರಿನಲ್ಲಿ ಕಾಲಿಗೆ ಬಿಡುವು ಕೊಡುವ ಫ್ರೀವ್ಹೀಲು, ಕೈಬ್ರೇಕು, ಡೈನಮೋ ದೀಪ.

"ಹೊಸ ಸಾಮಾನು ಹಳೇ ಮೈಗೆ ಕೂರಲ್ಲ ಸಾರ್. ಅರದಲ್ಲಿ ಉಜ್ಜಿ ಉಜ್ಜಿ ಕೂರಿಸ್ಬೇಕು," ಎನ್ನುತ್ತಾರೆ ಪುಟ್ಟರಾಜು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತ ಮನೆತನದವರು. "ಸೈಕಲ್ ಹೆಂಗೋ ಮಾತು ಕೇಳುತ್ತೆ. ಸವಾರನ ಕಾಲು ಕೇಳಲ್ಲ."

ಅಂಗಡಿಯೊಳಗೆ ಟ್ಯೂಬಿಗೆ ತೇಪೆ ಹಾಕುತ್ತಿರುವ ಅವರ ಅಣ್ಣ ಸಣ್ಣಸ್ವಾಮಿ ತಲೆಯೆತ್ತುತ್ತಾರೆ. ಅವರ ಎಡಗಾಲು ಮಡಚುವುದಿಲ್ಲ. ಪುಟ್ಟರಾಜು ಮೊದಲು ಹೊಸದು ಮಾಡಿದ್ದು ಈ ಅಣ್ಣನ ಸೈಕಲ್ಲನ್ನೇ.

"ಇನ್ಮೇಲೆ ಕೈಬ್ರೇಕು ಹಿಡೀಬೇಕು ಅಂತ ಇವ್ನು ಹೇಳಿದ್ದ. ಗೊತ್ತು ಕಣೋ ಅಂದೆ. ಮಾಕುಟ್ಟದ ಇಳಿಜಾರಲ್ಲಿ ಎದುರಿಗೆ ಲಾರಿ ಬಂತು. ಕಾಲು ಹಿಂದಕ್ಕೆ ತುಳೀತು. ಬ್ರೇಕ್ ನೆನಪಾಗೋ ಹೊತ್ತಿಗೆ ನಾನು ಮೋರಿ ಕೆಳಗಿದ್ದೆ!" ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಪುಟ್ಟರಾಜು ಇನ್ನೊಂದು ಫ್ರೀವ್ಹೀಲಿಗೆ ಅರ ಹಾಕುತ್ತಾರೆ.

ಅಂದಿನಿಂದ ಈ ಅಂಗಡಿಯ ಪದ್ಧತಿ ಇದು. ಹಳೆಯ ಸೈಕಲ್ಲಿಗೆ ಫ್ರೀವ್ಹೀಲು ಹಾಕಿಸಿಕೊಂಡವರು, ಕಾಲಿಗೆ ಕೆಲಸವೇ ಇಲ್ಲದಂತೆ, ಚೈನಿಲ್ಲದೆ ಈ ಇಳಿಜಾರು ಇಳಿದು, ಕೈಬ್ರೇಕಿನಿಂದಲೇ ಅಂಗಡಿಯೆದುರು ನಿಲ್ಲಬೇಕು. ನಿಂತರೆ ಮಾತ್ರ ಚೈನು. ಜಗಳವಾಡಿ ಬೇರೆ ಅಂಗಡಿಗೆ ಹೋದವರೂ ಉಂಟು.

"ಬಂದೆ ಕಣೋ!" ಮೇಲಿನಿಂದ ಜವರಪ್ಪನವರ ದನಿ. ಸಣ್ಣಸ್ವಾಮಿ ಕುಂಟುತ್ತ ಹೊರಗೆ ಬರುತ್ತಾರೆ. ಸೈಕಲ್ ನುಗ್ಗಿ ಬರುತ್ತದೆ. ಕಾಲು ಮತ್ತೆ ಹಿಂದಕ್ಕೆ ಒತ್ತಲು ಹೋಗುತ್ತದೆ. ಅಷ್ಟರಲ್ಲಿ ಬೆರಳುಗಳು ಬಿಗಿಯುತ್ತವೆ, ಬ್ರೇಕು ಕಿರ್ರೆನ್ನುತ್ತದೆ, ಸೈಕಲ್ ಅಂಗಡಿಯೆದುರೇ ನಿಲ್ಲುತ್ತದೆ.

ಪುಟ್ಟರಾಜು ಗೋಡೆಯ ಮೊಳೆಗೆ ನೇತುಹಾಕಿದ್ದ ಚೈನು ತೆಗೆದು ಹಾಕಿಕೊಡುತ್ತಾರೆ. ಜವರಪ್ಪ ತಪಾಲು ಚೀಲ ಹೆಗಲಿಗೇರಿಸಿ ಮಾಕುಟ್ಟದ ದಾರಿ ಹಿಡಿಯುತ್ತಾರೆ.

ಹೊರಡುವ ಮುನ್ನ, ನಿಮಗೇನು ಆಸೆ ಎಂದು ಕೇಳುತ್ತೇನೆ. ಪುಟ್ಟರಾಜು ತಿರುವಿನಲ್ಲಿ ಚಪ್ಪಟೆಯಾದ ಚೀಲಗಳನ್ನು ನೋಡುತ್ತಾರೆ.

"ಆ ಹಳೇ ಸೈಕಲ್ಲೆಲ್ಲ ಮುಗಿದು ಯಾರೂ ಬೀಳೋದಿಲ್ಲ ಅಂತಾದ್ರೆ, ಅಣ್ಣನ ಕೈಲಿ ಆ ಹುಲ್ಲು ಹಸೂಗೆ ಹಾಕಿಸ್ಬೇಕು ಸಾರ್."